ಗೋಡೆ ಕಟ್ಟಿದರೂ ದಾಟುವ ರೋಗಾಣು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾ ಎಂಬಲ್ಲಿ ಅಲ್ಲಿನ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಸೇರಿದ ಒಂದು ಆಸ್ಪತ್ರೆ ಇದೆ. ಹೆಸರು ಕ್ಲಿನಿಕಲ್ ಸೆಂಟರ್. 2011ರಲ್ಲಿ ಅಲ್ಲಿದ್ದುದು 243 ಹಾಸಿಗೆ. ಸಂಶೋಧನೆಗೆಂದೇ ಕಟ್ಟಿದ ಆಸ್ಪತ್ರೆಯಾದ್ದರಿಂದ ಹಣಕ್ಕೆ ಕೊರತೆಯಿಲ್ಲ, ತಜ್ಞರಿಗೆ ಬರವಿಲ್ಲ.

ಆ ವರ್ಷದ ಜೂನ್ 13ರಂದು ನ್ಯೂಯಾರ್ಕ್ ನಗರದ ಆಸ್ಪತ್ರೆಯೊಂದರಿಂದ ಮಹಿಳೆಯೊಬ್ಬರನ್ನು ಅಲ್ಲಿಗೆ ಕರೆತಂದರು. ಅವರ ಮೈಯಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾ ಇತ್ತು. ಸಾಮಾನ್ಯ ಕ್ಲೆಬ್ಸಿಯೆಲ್ಲಾ ಅಲ್ಲ, ಹೆಚ್ಚುಕಡಿಮೆ ಎಲ್ಲ ಆ್ಯಂಟಿಬಯಾಟಿಕ್‌ಗಳಿಗೂ ಜಗ್ಗದ ತಳಿ. ವಿಷಯ ವೈದ್ಯರಿಗೆ ಮೊದಲೇ ಗೊತ್ತಿತ್ತು. ಹಾಗಾಗಿ ರೋಗಿಯನ್ನು ಪ್ರತ್ಯೇಕವಾಗಿ ಇರಿಸಿದರು. ಒಳಗೆ ಹೋಗುವವರು ಮೇಲಂಗಿ, ಕೈಗವಸು ತೊಡಬೇಕು, ಹೊರಬರುವಾಗ ಅವನ್ನು ಕಳಚಿ ಕೈ ತೊಳೆಯಬೇಕು ಎಂಬ ಕಟ್ಟುನಿಟ್ಟು ಮಾಡಿದರು. ಒಂದು ತಿಂಗಳ ನಂತರ, ಜುಲೈ 15ರಂದು ಆಕೆ ಚೇತರಿಸಿಕೊಂಡು ಮನೆಗೆ ಹೋದರು. ಆಸ್ಪತ್ರೆಯವರು ನಿಟ್ಟುಸಿರುಬಿಟ್ಟರು.

ಆದರೆ ಆಗಸ್ಟ್ 5ರಂದು ಬೇರೊಬ್ಬ ರೋಗಿಯಲ್ಲಿ ಅದೇ ಜಾತಿಯ, ಅದೇ ಮೊಂಡು ಬ್ಯಾಕ್ಟೀರಿಯಾ ಕಾಣಿಸಿತು. ಮೊದಲನೆಯವರು ಹೊರಟುಹೋಗಿ ಮೂರು ವಾರವಾಗಿತ್ತು! ಆಮೇಲೆ ಮತ್ತೊಬ್ಬರು, ಮಗದೊಬ್ಬರು. ವರ್ಷ ಮುಗಿಯುವ ಹೊತ್ತಿಗೆ ಒಟ್ಟು 18 ಮಂದಿಗೆ ಅದು ತಗುಲಿತ್ತು. ಅವರಲ್ಲಿ 11 ಮಂದಿ ತೀರಿಕೊಂಡರು. ಇವರೆಲ್ಲ ಮೊದಲೇ ಬೇರೆ ಕಾಯಿಲೆಗಳಿಂದ ಜರ್ಜರಿತರಾಗಿದ್ದವರು ನಿಜ. ಆದರೂ ಆರು ಸಾವುಗಳಿಗೆ ಈ ಸೋಂಕೇ ಕಾರಣ ಎಂದು ವೈದ್ಯರು ತೀರ್ಮಾನಿಸಿದರು.

ಬಾಗಿಲು ಹಾಕಿದ ಕೋಣೆಯಿಂದ ರೋಗಾಣು ಹೊರಬಂದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ನೂರೈವತ್ತು ವರ್ಷಕ್ಕೂ ಹಿಂದಿನ ವಿಯೆನ್ನಾ ನಗರಕ್ಕೆ ಹೋಗಬೇಕು.

ಮೊದಲ ಹಾಸಿಗೆಯ ಹೆಂಗಸು

ಬಾಣಂತಿ ಸನ್ನಿ ಎಂಬ ಮಾತು ನಮ್ಮ ಅಜ್ಜಿಯಂದಿರ ಬಾಯಲ್ಲಿ ಇನ್ನೂ ಇದೆ. ಹೆರಿಗೆಯಾದ ಮೂರು ನಾಲ್ಕು ದಿನಕ್ಕೆ ಜ್ವರ ಏರಿ ತಾಯಂದಿರನ್ನು ಒಯ್ಯುತ್ತಿದ್ದ ಈ ನಂಜು ಹತ್ತೊಂಬತ್ತನೆಯ ಶತಮಾನದ ಯುರೋಪಿನ ದೊಡ್ಡ ಆಸ್ಪತ್ರೆಗಳಲ್ಲಿ ಮನೆಮಾಡಿಕೊಂಡಿತ್ತು. ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಕಲಿತ ವೈದ್ಯರ ವಿಭಾಗದಲ್ಲಿ ನೂರಕ್ಕೆ ಸುಮಾರು ಹತ್ತು ತಾಯಂದಿರು ಸಾಯುತ್ತಿದ್ದರು. ಸೂಲಗಿತ್ತಿಯರ ವಿಭಾಗದಲ್ಲಿ ಸಾಯುತ್ತಿದ್ದವರು ನೂರಕ್ಕೆ ನಾಲ್ಕು. ಮೊದಲ ವಿಭಾಗಕ್ಕೆ ಸೇರಿಸಬೇಡಿ ಎಂದು ಗರ್ಭಿಣಿಯರು ಕೈಮುಗಿದು ಬೇಡುತ್ತಿದ್ದರಂತೆ.

ಅಲ್ಲಿ ಸಹಾಯಕ ವೈದ್ಯನಾಗಿದ್ದವನು ಹಂಗೇರಿಯ ಇಗ್ನಾಜ್ ಸೆಮ್ಮೆಲ್‌ವೈಸ್. 1847ರ ಮಾರ್ಚಿಯಲ್ಲಿ ಅವನ ಗೆಳೆಯ, ಪ್ರಾಧ್ಯಾಪಕ ಯಾಕೊಬ್ ಕೊಲೆಚ್ಕಾ ತೀರಿಕೊಂಡ. ಶವ ಕೊಯ್ಯುವಾಗ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ಬೆರಳಿಗಾದ ಗಾಯವೇ ಅವನ ಸಾವಿಗೆ ಕಾರಣ. ಅವನ ಮರಣೋತ್ತರ ವರದಿ ಓದಿದಾಗ ಸೆಮ್ಮೆಲ್‌ವೈಸ್ ಬೆಚ್ಚಿದ. ಸತ್ತ ಬಾಣಂತಿಯರ ದೇಹದಲ್ಲಿ ಕಂಡ ಲಕ್ಷಣಗಳೇ ಗೆಳೆಯನ ದೇಹದಲ್ಲೂ ಇದ್ದವು. ವೈದ್ಯರು ಬೆಳಿಗ್ಗೆ ಶವ ಕೊಯ್ದು, ಅದೇ ಕೈಯಲ್ಲಿ ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಶವಾಗಾರದ ಕೆಲಸವೇ ಇರಲಿಲ್ಲ.

ಮೇ ತಿಂಗಳ ನಡುವಿನಿಂದ ಅವನು ವಾರ್ಡಿನ ಬಾಗಿಲಲ್ಲಿ ಕ್ಲೋರಿನ್ ಬೆರೆಸಿದ ಸುಣ್ಣದ ನೀರನ್ನು ಇಡಿಸಿದ. ಅದರಲ್ಲಿ ಕೈ ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ ಎಂದ. ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನಲ್ಲಿ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು.

ಈ ಕಥೆ ಬಹಳ ಮಂದಿಗೆ ಗೊತ್ತು. ಗೊತ್ತಿಲ್ಲದ್ದು ಅದರ ಮುಂದಿನ ಭಾಗ. ಅದೇ ವರ್ಷದ ಅಕ್ಟೋಬರಿನಲ್ಲಿ ಗರ್ಭಕೋಶದ ಕ್ಯಾನ್ಸರ್ ಆಗಿ ಕೀವು ಸುರಿಯುತ್ತಿದ್ದ ಹೆಂಗಸೊಬ್ಬಳನ್ನು ವಾರ್ಡಿನ ಮೊದಲ ಹಾಸಿಗೆಯಲ್ಲಿ ಮಲಗಿಸಿದ್ದರು. ವೈದ್ಯರ ಸುತ್ತು ಅವಳಿಂದಲೇ ಶುರುವಾಗುತ್ತಿತ್ತು. ಒಳಗೆ ಬರುವಾಗ ಕ್ಲೋರಿನ್ ನೀರಿನಲ್ಲಿ ಕೈ ತೊಳೆದವರು ಅವಳನ್ನು ಪರೀಕ್ಷಿಸಿದ ಮೇಲೆ ಬರೀ ಸೋಪು ಹಚ್ಚಿ ಮುಂದಿನ ಹಾಸಿಗೆಗೆ ಹೋದರು. ಅವಳ ಜೊತೆಗಿದ್ದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು.

ಸೆಮ್ಮೆಲ್‌ವೈಸ್ ಇದರಿಂದ ಎರಡು ಪಾಠ ಕಲಿತ. ನಂಜು ಬರುವುದು ಶವದಿಂದ ಮಾತ್ರವಲ್ಲ, ಬದುಕಿರುವ ರೋಗಿಯಿಂದಲೂ ಬರುತ್ತದೆ. ಆದ್ದರಿಂದ ವಾರ್ಡಿನ ಬಾಗಿಲಲ್ಲಿ ಒಮ್ಮೆ ತೊಳೆದರೆ ಸಾಲದು, ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ಹೋಗುವ ನಡುವೆಯೂ ತೊಳೆಯಬೇಕು. ಎರಡನೆಯದು, ಅಂಥ ರೋಗಿಯನ್ನು ಉಳಿದವರಿಂದ ಬೇರೆ ಇಡಬೇಕು. ಇಂದಿನ ಪ್ರತ್ಯೇಕ ವಾರ್ಡುಗಳ ತತ್ವವೆಲ್ಲ ಈ ಎರಡು ವಾಕ್ಯಗಳಲ್ಲಿದೆ. ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆಂಬುದು ಆಗಿನ್ನೂ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ ಎಂಬುದನ್ನು ನೆನೆದರೆ ಅವನ ಲೆಕ್ಕಾಚಾರದ ಬೆಲೆ ಗೊತ್ತಾಗುತ್ತದೆ.

ಬಹುಮಾನವೇನೂ ಸಿಗಲಿಲ್ಲ. ನಿಮ್ಮ ಕೈಯೇ ತಾಯಂದಿರನ್ನು ಕೊಲ್ಲುತ್ತಿದೆ ಎಂದು ಹಿರಿಯ ವೈದ್ಯರಿಗೆ ಕಿರಿಯನೊಬ್ಬ ಹೇಳಿದರೆ ಯಾರು ಕೇಳುತ್ತಾರೆ? 1850ರಲ್ಲಿ ಅವನು ವಿಯೆನ್ನಾ ಬಿಟ್ಟ. 1865ರ ಆಗಸ್ಟಿನಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ, ಮೈಗೆಲ್ಲ ನಂಜೇರಿ ಸತ್ತ. ಎರಡು ವರ್ಷದ ನಂತರ, 1867ರಲ್ಲಿ, ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲ ಬಳಸಿ ಗಾಯದ ಕೀವು ತಡೆಯುವ ವಿಧಾನವನ್ನು ಪ್ರಕಟಿಸಿದ. ಅನಂತರವೇ ವೈದ್ಯಲೋಕ ಆ ದಾರಿಗೆ ಬಂದದ್ದು.

ಔಷಧ ಬಂದಾಗ ಮರೆತದ್ದು

1940ರ ದಶಕದಲ್ಲಿ ಪೆನಿಸಿಲಿನ್ ಬಂತು. ಗಾಯ ಕೀವಾಗಿ ಸಾಯುತ್ತಿದ್ದವರು ನಾಲ್ಕು ಚುಚ್ಚುಮದ್ದಿಗೆ ಎದ್ದು ಕೂರುವುದನ್ನು ಕಂಡ ವೈದ್ಯರಿಗೆ ಕೈ ತೊಳೆಯುವ, ಬೇರೆ ಕೋಣೆಯಲ್ಲಿಡುವ ಹಳೆಯ ಕಟ್ಟುಪಾಡು ಅಷ್ಟೇನೂ ಮುಖ್ಯವೆನಿಸಲಿಲ್ಲ. ತಪ್ಪಿದರೆ ಔಷಧ ಇದೆಯಲ್ಲ!

ಆದರೆ ಎಚ್ಚರಿಕೆಯ ಗಂಟೆ ಔಷಧಕ್ಕಿಂತ ಮೊದಲೇ ಬಾರಿಸಿತ್ತು. ಆಕ್ಸ್‌ಫರ್ಡಿನಲ್ಲಿ ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್‌ಸ್ಟ್ ಚೈನ್ ಎಂಬ ವಿಜ್ಞಾನಿಗಳು 1940ರ ಡಿಸೆಂಬರಿನಲ್ಲೇ ಒಂದು ಟಿಪ್ಪಣಿ ಪ್ರಕಟಿಸಿದ್ದರು. ಕೆಲವು ಬ್ಯಾಕ್ಟೀರಿಯಾಗಳು ಪೆನಿಸಿಲಿನ್ನನ್ನೇ ತುಂಡರಿಸುವ ಕಿಣ್ವವನ್ನು ತಯಾರಿಸುತ್ತವೆ ಎಂಬುದು ಅದರ ಸಾರ. ಅಲ್ಲಿ ಪೆನಿಸಿಲಿನ್ ಚಿಕಿತ್ಸೆ ಪಡೆದ ಮೊದಲ ರೋಗಿಯಾದ ಪೊಲೀಸ್ ಪೇದೆಗೆ ಚುಚ್ಚುಮದ್ದು ಕೊಟ್ಟದ್ದು 1941ರ ಫೆಬ್ರುವರಿಯಲ್ಲಿ. ಎಂದರೆ ಬೀಗ ಮಾರುಕಟ್ಟೆಗೆ ಬರುವ ಮೊದಲೇ ಕಳ್ಳನ ಕೈಯಲ್ಲಿ ಕೀಲಿಕೈ ಇತ್ತು. 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕೂಡ, ಅರೆಬರೆ ಪ್ರಮಾಣದಲ್ಲಿ ಔಷಧ ಕೊಟ್ಟರೆ ರೋಗಾಣುಗಳಿಗೆ ಅದನ್ನು ತಡೆದುಕೊಳ್ಳುವುದನ್ನು ಕಲಿಸಿದಂತಾಗುತ್ತದೆ ಎಂದು ಎಚ್ಚರಿಸಿದ್ದರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಬ್ಯಾಕ್ಟೀರಿಯಾ ಬುದ್ಧಿ ಓಡಿಸಿ ಔಷಧವನ್ನು ಸೋಲಿಸುವುದಿಲ್ಲ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಯಾವುದೋ ಒಂದೆರಡಕ್ಕೆ ಆಕಸ್ಮಿಕವಾಗಿ ಔಷಧ ತಡೆಯುವ ಗುಣ ಇರುತ್ತದೆ. ಔಷಧ ಉಳಿದವನ್ನೆಲ್ಲ ಕೊಂದಾಗ ಇವು ಮಾತ್ರ ಉಳಿದು, ಖಾಲಿಯಾದ ಜಾಗದಲ್ಲಿ ಬೆಳೆಯುತ್ತವೆ. ಗದ್ದೆಯಲ್ಲಿ ಪೈರು ಸತ್ತು ಕಳೆ ಉಳಿದಂತೆ. ಸಾಲದ್ದಕ್ಕೆ ಅನೇಕ ಬ್ಯಾಕ್ಟೀರಿಯಾಗಳು ಈ ಗುಣವನ್ನು ಹೊತ್ತ ವಂಶವಾಹಿಯ ತುಣುಕನ್ನು ಪಕ್ಕದವಕ್ಕೆ, ಒಮ್ಮೊಮ್ಮೆ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲವು. ಔಷಧ ಹೆಚ್ಚು ಬಳಕೆಯಾಗುವ ಜಾಗ ಯಾವುದು? ಆಸ್ಪತ್ರೆ. ಶಕ್ತಿಗುಂದಿದವರು ಒತ್ತೊತ್ತಾಗಿ ಮಲಗುವ ಜಾಗ ಯಾವುದು? ಅದೂ ಆಸ್ಪತ್ರೆಯೇ.

ಮೇರಿ ಬಾರ್ಬರ್ ಹಾಕಿದ ಲೆಕ್ಕ

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿದ್ದ ಮೇರಿ ಬಾರ್ಬರ್ ಎಂಬ ರೋಗಾಣು ತಜ್ಞೆ 1946ರಿಂದ ಒಂದು ಲೆಕ್ಕ ಇಟ್ಟರು. ಗಾಯ, ಕುರು, ನ್ಯುಮೋನಿಯಾ ಎಲ್ಲದರಲ್ಲೂ ಸಿಗುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾಗಳಲ್ಲಿ ಪೆನಿಸಿಲಿನ್‌ಗೆ ಬಗ್ಗದವು ಎಷ್ಟು ಎಂಬ ಲೆಕ್ಕ. 1946ರಲ್ಲಿ ನೂರಕ್ಕೆ ಸುಮಾರು 14 ಇದ್ದವು. 1947ರಲ್ಲಿ ಅದು 38 ಆಯಿತು. 1948ರಲ್ಲಿ 59. ಎರಡೇ ವರ್ಷದಲ್ಲಿ ಪವಾಡದ ಔಷಧ ಅರ್ಧಕ್ಕಿಂತ ಹೆಚ್ಚು ಕಡೆ ನೀರಾಗಿತ್ತು.

ಬಾರ್ಬರ್ ಇಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ರೋಗಿಯ ಮೈಯಲ್ಲೂ ಬ್ಯಾಕ್ಟೀರಿಯಾ ಹೊಸದಾಗಿ ಈ ಗುಣ ಪಡೆಯುತ್ತಿದೆಯೆ ಅಥವಾ ಒಂದೇ ಮೊಂಡು ತಳಿ ಹಾಸಿಗೆಯಿಂದ ಹಾಸಿಗೆಗೆ ಹಬ್ಬುತ್ತಿದೆಯೆ ಎಂದು ಕೇಳಿಕೊಂಡರು. ತಳಿಗಳನ್ನು ಬೇರ್ಪಡಿಸಿ ನೋಡಿದಾಗ ಉತ್ತರ ಸಿಕ್ಕಿತು. ಬಹುಪಾಲು ಹಬ್ಬುತ್ತಿದ್ದುದು ಮೊದಲೇ ಮೊಂಡಾಗಿದ್ದ ತಳಿ. ಅದನ್ನು ಹಬ್ಬಿಸುತ್ತಿದ್ದುದು ಆಸ್ಪತ್ರೆ. ಅಂದರೆ ಸಮಸ್ಯೆ ಔಷಧದ್ದು ಮಾತ್ರವಲ್ಲ, ಸೆಮ್ಮೆಲ್‌ವೈಸ್ ಹೇಳಿದ ಕೈಯದೂ ಹೌದು.

1950ರ ದಶಕದ ಕೊನೆಯಲ್ಲಿ ಬಾರ್ಬರ್ ತಮ್ಮ ಆಸ್ಪತ್ರೆಯಲ್ಲಿ ಒಂದು ನಿಯಮ ತಂದರು. ಪೆನಿಸಿಲಿನ್ ಬಳಕೆಗೆ ಕಡಿವಾಣ, ಕೆಲವು ಔಷಧಗಳನ್ನು ಜೋಡಿಯಾಗಿ ಮಾತ್ರ ಕೊಡುವುದು, ಒಬ್ಬರಿಂದೊಬ್ಬರಿಗೆ ಸೋಂಕು ಹರಡದಂತೆ ಬಿಗಿ ಎಚ್ಚರ. ಮೊಂಡು ತಳಿಗಳ ಪ್ರಮಾಣ ಇಳಿಯಿತು. 1960ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಅದೊಂದು ದೊಡ್ಡ ಸುದ್ದಿ. ಔಷಧ ನಿರೋಧ ಎಂಬುದು ಏರುವುದು ಮಾತ್ರವಲ್ಲ, ಮನುಷ್ಯ ಮನಸ್ಸು ಮಾಡಿದರೆ ಇಳಿಯುತ್ತದೆ ಎಂಬುದು ಆಗ ಸಾಬೀತಾಯಿತು. 1965ರಲ್ಲಿ ಬಾರ್ಬರ್ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಇದೇ ಕಾಲದಲ್ಲಿ, 1959ರಲ್ಲಿ, ಇಂಗ್ಲೆಂಡಿನ ಟಾರ್ಬೆ ಆಸ್ಪತ್ರೆ ಇ. ಎಂ. ಕಾಟ್ರೆಲ್ ಎಂಬ ದಾದಿಯನ್ನು ಒಂದು ಹೊಸ ಹುದ್ದೆಗೆ ನೇಮಿಸಿತು. ಯಾವ ವಾರ್ಡಿನಲ್ಲಿ ಯಾರಿಗೆ ಸೋಂಕು ಬಂದಿದೆ, ಯಾರಿಂದ ಯಾರಿಗೆ ಹೋಗುತ್ತಿದೆ ಎಂದು ಹುಡುಕುವುದೇ ಆಕೆಯ ಕೆಲಸ. ಸೋಂಕು ನಿಯಂತ್ರಣ ದಾದಿ ಎಂಬ ಹುದ್ದೆ ಹುಟ್ಟಿದ್ದು ಹಾಗೆ.

ರಂಗೋಲಿ ಕೆಳಗೆ ನುಸುಳುವ ಜಾಣ

ಕಂಪನಿಗಳು ಸುಮ್ಮನೆ ಕೂರಲಿಲ್ಲ. ಬ್ಯಾಕ್ಟೀರಿಯಾದ ಕಿಣ್ವಕ್ಕೆ ತುಂಡಾಗದ ಮೆಥಿಸಿಲಿನ್ ಎಂಬ ಹೊಸ ಪೆನಿಸಿಲಿನ್ ಬ್ರಿಟನ್ನಿನಲ್ಲಿ ಬಂತು. ಚಾಪೆ ಕೆಳಗೆ ನುಸುಳುವವನನ್ನು ಹಿಡಿಯುವ ಔಷಧ. ಆದರೆ ರೋಗಾಣು ರಂಗೋಲಿ ಕೆಳಗೆ ನುಸುಳುವುದನ್ನು ಕಲಿತಿತ್ತು. ಲಂಡನ್ನಿನ ಕಾಲಿಂಡೇಲ್ ಪ್ರಯೋಗಾಲಯದ ಪೆಟ್ರೀಷಿಯಾ ಜೆವನ್ಸ್ 5 ಸಾವಿರಕ್ಕೂ ಹೆಚ್ಚು ಸ್ಟೆಫೈಲೊಕಾಕಸ್ ಮಾದರಿಗಳನ್ನು ಪರೀಕ್ಷಿಸಿ, ಮೆಥಿಸಿಲಿನ್‌ಗೂ ಸಾಯದ ಮೂರು ಸಿಕ್ಕಿವೆ ಎಂದು 1961ರಲ್ಲಿ ವರದಿ ಮಾಡಿದರು. ಬರೀ ಮೂರು! ಮುಂದೆ ಜಗತ್ತಿನ ಆಸ್ಪತ್ರೆಗಳನ್ನು ನಡುಗಿಸಿದ ಎಂಆರ್‌ಎಸ್‌ಎ ಎಂಬ ಹೆಸರಿನ ಆರಂಭ ಅದು. ಬ್ಯಾಕ್ಟೀರಿಯಾದ ಈ ಗುಣ ಮೆಥಿಸಿಲಿನ್ ಬರುವುದಕ್ಕಿಂತ ಹತ್ತಾರು ವರ್ಷ ಮೊದಲೇ ಇತ್ತು ಎಂದು 2017ರಲ್ಲಿ ವಂಶವಾಹಿ ಅಧ್ಯಯನವೊಂದು ತೋರಿಸಿತು. ಹೊಸ ಔಷಧ ಅದನ್ನು ಹುಟ್ಟಿಸಲಿಲ್ಲ, ಆರಿಸಿ ಮುಂದಕ್ಕೆ ತಂದಿತು.

1980ರ ದಶಕದ ಹೊತ್ತಿಗೆ ಅನೇಕ ದೇಶಗಳು ಇದು ಇದ್ದದ್ದೇ ಎಂದು ಕೈಚೆಲ್ಲಿದವು. ನೆದರ್ಲೆಂಡ್ಸ್ ಕೈಚೆಲ್ಲಲಿಲ್ಲ. ಆ ಪುಟ್ಟ ದೇಶದ ನೀತಿಗೆ 'ಹುಡುಕು, ನಾಶಮಾಡು' ಎಂಬರ್ಥದ ಹೆಸರೇ ಬಂತು. ಬೇರೆ ದೇಶದ ಆಸ್ಪತ್ರೆಯಲ್ಲಿ ಇತ್ತೀಚೆಗೆ ಇದ್ದು ಬಂದ ರೋಗಿ ಬಂದರೆ, ಆತ ಎಷ್ಟೇ ಆರೋಗ್ಯವಂತನಂತೆ ಕಂಡರೂ ಮೊದಲು ಪ್ರತ್ಯೇಕ ಕೋಣೆ. ಮೂಗು, ಗಂಟಲಿನ ದ್ರವ ಪರೀಕ್ಷಿಸಿ ಎಂಆರ್‌ಎಸ್‌ಎ ಇಲ್ಲವೆಂದು ತಿಳಿದ ಮೇಲೆಯೇ ಸಾಮಾನ್ಯ ವಾರ್ಡು. ಒಬ್ಬನಲ್ಲಿ ಸಿಕ್ಕರೆ ಅವನ ಸಂಪರ್ಕಕ್ಕೆ ಬಂದ ರೋಗಿಗಳಿಗೂ ಸಿಬ್ಬಂದಿಗೂ ಪರೀಕ್ಷೆ. ವೈದ್ಯನ ಮೂಗಿನಲ್ಲೇ ಇದ್ದರೆ ಅವನಿಗೆ ರಜೆ ಕೊಟ್ಟು, ಮುಲಾಮು ಹಚ್ಚಿ, ಹೋಗಿದೆಯೆಂದು ಖಾತ್ರಿಯಾದ ಮೇಲೆ ಕೆಲಸಕ್ಕೆ. ಹಂದಿ ಸಾಕಣೆಯ ಕುಟುಂಬಗಳಲ್ಲೂ ಈ ಬ್ಯಾಕ್ಟೀರಿಯಾ ಇದೆಯೆಂದು 2000ದ ದಶಕದಲ್ಲಿ ತಿಳಿದಾಗ ಆ ರೈತರನ್ನೂ ಈ ಪಟ್ಟಿಗೆ ಸೇರಿಸಿದರು. ಫಲ? ಅನೇಕ ದೇಶಗಳ ಆಸ್ಪತ್ರೆಗಳು ಎಂಆರ್‌ಎಸ್‌ಎಯಿಂದ ತತ್ತರಿಸುತ್ತಿದ್ದಾಗ ನೆದರ್ಲೆಂಡ್ಸಿನಲ್ಲಿ ಅದರ ಪ್ರಮಾಣ ನೂರಕ್ಕೆ ಒಂದೆರಡರ ಆಸುಪಾಸಿನಲ್ಲೇ ಉಳಿಯಿತು.

ತಡವಾಗಿ ಎಚ್ಚೆತ್ತವರಿಗೂ ಫಲ ಸಿಕ್ಕಿತು. ಇಂಗ್ಲೆಂಡ್ 2001ರಲ್ಲಿ ರಕ್ತಕ್ಕೆ ಸೇರಿದ ಎಂಆರ್‌ಎಸ್‌ಎ ಪ್ರಕರಣಗಳನ್ನು ಪ್ರತಿ ಆಸ್ಪತ್ರೆಯೂ ವರದಿ ಮಾಡಲೇಬೇಕೆಂದಿತು. 2004ರಲ್ಲಿ, 2008ರೊಳಗೆ ಇದನ್ನು ಅರ್ಧಕ್ಕಿಳಿಸಬೇಕೆಂಬ ಗುರಿ ಇಟ್ಟಿತು. ಸಾಧ್ಯವೇ ಇಲ್ಲವೆಂದವರಿದ್ದರು. ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿಯಿತು.

ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ದಿದಿಯೆ ಪಿತ್ತೆ ಎಂಬ ವೈದ್ಯರು ಇನ್ನೂ ಸರಳವಾದುದನ್ನು ಕಂಡುಕೊಂಡರು. ದಾದಿಯರು ಕೈ ತೊಳೆಯದಿರುವುದು ಸೋಮಾರಿತನದಿಂದಲ್ಲ. ಸಿಂಕಿಗೆ ಹೋಗಿ, ತೊಳೆದು, ಒರೆಸಿ ಬರುವಷ್ಟು ಸಮಯವೇ ಅವರಿಗಿಲ್ಲ! ಹಾಗಾದರೆ ಹಾಸಿಗೆ ಪಕ್ಕದಲ್ಲೇ ಆಲ್ಕೋಹಾಲ್ ದ್ರಾವಣ ಇಡೋಣ, ನಡೆಯುತ್ತಲೇ ಕೈಗೆ ಸವರಿಕೊಳ್ಳಲಿ ಎಂದರು. 1994ರಲ್ಲಿ ಅಲ್ಲಿ ಕೈ ಶುಚಿ ಮಾಡಿಕೊಳ್ಳಬೇಕಾದ ಸಂದರ್ಭಗಳಲ್ಲಿ ನೂರಕ್ಕೆ 48ರಲ್ಲಿ ಮಾತ್ರ ಅದು ಆಗುತ್ತಿತ್ತು. 1997ರಲ್ಲಿ ಅದು 66ಕ್ಕೆ ಏರಿತು. ಆಸ್ಪತ್ರೆಯಲ್ಲೇ ಸೋಂಕು ಹತ್ತಿಸಿಕೊಂಡವರ ಪ್ರಮಾಣ ನೂರಕ್ಕೆ ಸುಮಾರು 17ರಿಂದ 10ಕ್ಕೆ ಇಳಿಯಿತು. ಕೊರೊನಾ ಕಾಲದಲ್ಲಿ ನಮ್ಮ ಊರಿನ ಕಿರಾಣಿ ಅಂಗಡಿಯ ಮುಂದೂ ಇಟ್ಟಿದ್ದ ಸ್ಯಾನಿಟೈಸರ್ ಬಾಟಲಿಯ ಹಿಂದೆ ಈ ಚರಿತ್ರೆ ಇದೆ.

ಹೆಸರಿನ ಜಗಳ

ನಮ್ಮ ದೇಶದ ಹೆಸರು ಈ ಚರಿತ್ರೆಯಲ್ಲಿ ದೊಡ್ಡದಾಗಿ ಬಂದದ್ದು ಮುಜುಗರದ ರೀತಿಯಲ್ಲಿ. ದೆಹಲಿಯಲ್ಲಿ ಆಸ್ಪತ್ರೆ ಸೇರಿ ಸ್ವೀಡನ್ನಿಗೆ ಮರಳಿದ ಭಾರತೀಯ ಮೂಲದ ರೋಗಿಯೊಬ್ಬರಲ್ಲಿ 2008ರಲ್ಲಿ ಹೊಸ ಕಿಣ್ವವುಳ್ಳ ಕ್ಲೆಬ್ಸಿಯೆಲ್ಲಾ ಸಿಕ್ಕಿತು. ಕೊನೆಯ ಅಸ್ತ್ರವೆನಿಸಿದ್ದ ಕಾರ್ಬಪೆನೆಮ್ ಗುಂಪಿನ ಔಷಧಗಳನ್ನೂ ಅದು ತುಂಡರಿಸುತ್ತಿತ್ತು. ಅದಕ್ಕೆ ನ್ಯೂ ಡೆಲ್ಲಿ ಮೆಟಲೋ ಬೀಟಾ ಲ್ಯಾಕ್ಟಮೇಸ್, ಚಿಕ್ಕದಾಗಿ ಎನ್‌ಡಿಎಂ-1 ಎಂದು ಹೆಸರಿಟ್ಟರು. 2010ರ ಆಗಸ್ಟಿನಲ್ಲಿ ಭಾರತ, ಪಾಕಿಸ್ತಾನ, ಬ್ರಿಟನ್ನುಗಳಲ್ಲಿ ಅದು ಹರಡಿರುವ ವರದಿ ಬಂದಾಗ ಸಂಸತ್ತಿನಲ್ಲೂ ಗದ್ದಲವೆದ್ದಿತು. ರಾಜಧಾನಿಯ ಹೆಸರನ್ನು ರೋಗಾಣುವಿಗೆ ಕಟ್ಟಿದ್ದು ನಮ್ಮ ವೈದ್ಯಕೀಯ ಪ್ರವಾಸೋದ್ಯಮಕ್ಕೆ ಕಲ್ಲು ಹಾಕುವ ಹುನ್ನಾರ ಎಂದರು. ಹೆಸರು ನೋವು ತರುವಂಥದೇ, ನಿಜ. ಆದರೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ದೆಹಲಿಯಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿ, ನಲ್ಲಿ ನೀರಿನ 50 ಮಾದರಿಗಳ ಪೈಕಿ 2ರಲ್ಲಿ ಈ ವಂಶವಾಹಿ ಇದೆಯೆಂದಿತು. ಹೆಸರು ಬದಲಾದರೆ ನೀರು ಶುದ್ಧವಾಗುತ್ತದೆಯೆ?

ಜಗಳದಿಂದ ಒಳಿತೂ ಆಯಿತು. 2012ರಲ್ಲಿ ದೇಶದ ವೈದ್ಯ ಸಂಘಟನೆಗಳು ಒಟ್ಟಾಗಿ ಚೆನ್ನೈ ಘೋಷಣೆಗೆ ಸಹಿ ಹಾಕಿದವು. ಆಯ್ದ ಆ್ಯಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂಬ ನಿಯಮ 2014ರ ಮಾರ್ಚ್ 1ರಿಂದ ಜಾರಿಗೆ ಬಂತು. 2017ರಲ್ಲಿ ರಾಷ್ಟ್ರೀಯ ಕಾರ್ಯಯೋಜನೆಯೂ ಸಿದ್ಧವಾಯಿತು.

ಪ್ರತ್ಯೇಕ ವಾರ್ಡು ಎಂದರೇನೆಂಬುದು ನಮಗೆಲ್ಲ ತಿಳಿದದ್ದು 2020ರಲ್ಲಿ. ಆದರೆ ಆ ವಾರ್ಡುಗಳ ಒಳಗೆ ನಡೆದ ಇನ್ನೊಂದು ಸಂಗತಿ ಹೆಚ್ಚು ಸುದ್ದಿಯಾಗಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲಕ್ಕೆ ಸೇರಿದ ಆಸ್ಪತ್ರೆಗಳಲ್ಲಿ 17 ಸಾವಿರಕ್ಕೂ ಹೆಚ್ಚು ಕೋವಿಡ್ ರೋಗಿಗಳ ದಾಖಲೆ ನೋಡಿದಾಗ, ನೂರಕ್ಕೆ ಸುಮಾರು ನಾಲ್ಕು ಮಂದಿಗೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಎರಡನೆಯ ಸೋಂಕು ತಗುಲಿದ್ದು ಕಂಡಿತು. ಹಾಗೆ ತಗುಲಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕಲಿಲ್ಲ.

ಮತ್ತೆ ಬೆಥೆಸ್ಡಾಕ್ಕೆ

ಈಗ ಮೊದಲ ಪ್ರಶ್ನೆಗೆ ಬರೋಣ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಮನೆ ಬಿಟ್ಟು ಬಯಲಿನಲ್ಲಿ ಶೆಡ್ಡು ಹಾಕಿಕೊಂಡರು. ಪ್ಲೇಗ್ ಯಾರಿಗೆ ಬಂದಿದೆಯೆಂದು ಗೆಡ್ಡೆ ನೋಡಿದರೆ ತಿಳಿಯುತ್ತಿತ್ತು. ಕ್ಲೆಬ್ಸಿಯೆಲ್ಲಾ ಹಾಗಲ್ಲ. ಅದು ಮನುಷ್ಯನ ಕರುಳಿನಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಹೊತ್ತವನಿಗೆ ಜ್ವರವಿಲ್ಲ, ನೋವಿಲ್ಲ. ಅವನಿಂದ ಬೇರೊಬ್ಬನಿಗೆ ದಾಟಿ, ಆ ಬೇರೊಬ್ಬ ಅಶಕ್ತನಾಗಿದ್ದರೆ ರಕ್ತಕ್ಕೆ ಸೇರಿದಾಗಲೇ ಗೊತ್ತಾಗುವುದು.

ಬೆಥೆಸ್ಡಾದ ವಿಜ್ಞಾನಿಗಳಾದ ಜೂಲಿ ಸೆಗ್ರೆ, ಇವಾನ್ ಸ್ನಿಟ್ಕಿನ್, ವೈದ್ಯೆ ಟಾರಾ ಪಾಲ್ಮೋರ್ ಮತ್ತು ಸಂಗಡಿಗರು ಪ್ರತಿ ರೋಗಿಯ ಬ್ಯಾಕ್ಟೀರಿಯಾದ ಇಡೀ ವಂಶವಾಹಿ ಬರಹವನ್ನು ಓದಿ ಹೋಲಿಸಿದರು. ಬ್ಯಾಕ್ಟೀರಿಯಾ ಬೆಳೆಯುತ್ತಾ ಹೋದಂತೆ ಅದರ ಬರಹದಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ಆ ಬದಲಾವಣೆಗಳನ್ನು ಹಿಡಿದು ಯಾವುದು ಯಾವುದರ ಮಗು, ಮೊಮ್ಮಗು ಎಂದು ವಂಶವೃಕ್ಷ ಬರೆಯಬಹುದು. 2012ರ ಆಗಸ್ಟಿನಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಎಲ್ಲಕ್ಕೂ ಮೂಲ ಜೂನಿನಲ್ಲಿ ಬಂದ ಆ ಒಬ್ಬ ರೋಗಿಯೇ. ಅವರಿಂದ ಬ್ಯಾಕ್ಟೀರಿಯಾ ಮೂರು ಬಾರಿ ಬೇರೆಬೇರೆಯಾಗಿ ಹೊರದಾಟಿತ್ತು. ನಡುವಿನ ಮೂರು ವಾರ ಅದು ಮಾಯವಾಗಿರಲಿಲ್ಲ. ಯಾರ ಮೈಯಲ್ಲೋ ಮೌನವಾಗಿತ್ತು.

ಆಸ್ಪತ್ರೆಯವರು ಏನೇನು ಮಾಡಿದರು ನೋಡಿ. ಸೋಂಕಿತರಿಗೆಂದೇ ಗೋಡೆ ಕಟ್ಟಿ ಬೇರೆ ಘಟಕ ಮಾಡಿದರು. ಅಲ್ಲಿನ ಸಿಬ್ಬಂದಿಯನ್ನು ಬೇರೆಡೆಗೆ ಬಳಸಲಿಲ್ಲ. ಲಕ್ಷಣವಿರಲಿ ಬಿಡಲಿ, ಇಡೀ ಆಸ್ಪತ್ರೆಯ ರೋಗಿಗಳನ್ನು ಪರೀಕ್ಷಿಸಿದರು. ಕೋಣೆಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಆವಿ ಹಾಯಿಸಿದರು. ಸಿಂಕಿನ ಕೊಳವೆಯೊಳಗೆ ಬ್ಯಾಕ್ಟೀರಿಯಾ ಸಿಕ್ಕಿತು, ಕೊಳವೆಗಳನ್ನೇ ಕಿತ್ತುಹಾಕಿದರು. ಶುಚಿಗೊಳಿಸಿ ಇಟ್ಟಿದ್ದ ಉಸಿರಾಟದ ಯಂತ್ರವೊಂದರಲ್ಲೂ ಅದು ಇತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಒಳಗೆ ಹೋಗಿಬರುವ ಪ್ರತಿಯೊಬ್ಬರೂ ಕೈ ತೊಳೆಯುತ್ತಾರೆಯೇ ಎಂದು ನೋಡಲೆಂದೇ ಬಾಗಿಲಲ್ಲಿ ಕಾವಲಿಗೆ ಜನರನ್ನು ನೇಮಿಸಿದರು. ತಜ್ಞ ವೈದ್ಯನಾದರೂ ಸರಿ, ಕಸ ಗುಡಿಸುವವನಾದರೂ ಸರಿ, ತೊಳೆಯದಿದ್ದರೆ ತಡೆಯುವ ಅಧಿಕಾರ ಅವರಿಗಿತ್ತು. ವರ್ಷದ ಕೊನೆಗೆ ಹರಡುವಿಕೆ ನಿಂತಿತು. ಪೂರ್ತಿ ಅಲ್ಲ. 2012ರಲ್ಲಿ ಇನ್ನೊಬ್ಬ ರೋಗಿಗೆ ಅದು ತಗುಲಿ, ಆತನೂ ತೀರಿಕೊಂಡ.

ಬಾಗಿಲ ಒಳಗಿನವರ ಪಾಡನ್ನೂ ಮರೆಯುವಂತಿಲ್ಲ. ಪ್ರತ್ಯೇಕವಾಗಿ ಇರಿಸಿದ ರೋಗಿಗಳು ಚಿಕಿತ್ಸೆಯಲ್ಲಿ ತಡೆಗಟ್ಟಬಹುದಾದ ತೊಂದರೆಗಳನ್ನು ಇತರರಿಗಿಂತ ಹೆಚ್ಚು ಅನುಭವಿಸುತ್ತಾರೆ ಎಂದು 2003ರಲ್ಲೇ ಒಂದು ಅಧ್ಯಯನ ಹೇಳಿತ್ತು. ಮೇಲಂಗಿ ತೊಡುವ ರಗಳೆ ಎಂದು ವೈದ್ಯರು ಇಣುಕುವುದು ಕಡಿಮೆ, ಮನೆಯವರಿಗೆ ಪ್ರವೇಶವಿಲ್ಲ. ಗೋಡೆ ರೋಗಾಣುವನ್ನು ತಡೆಯುವ ಮೊದಲು ಮನುಷ್ಯರನ್ನು ತಡೆಯುತ್ತದೆ. ಹಾಗಾಗಿ ಗೋಡೆಯೊಂದನ್ನೇ ನಂಬುವಂತಿಲ್ಲ.

ಚಪ್ಪಲಿ ಹೊರಗೆ, ಕೈ ಒಳಗೆ

ಕಳೆದ ವರ್ಷ ನಮ್ಮ ದೊಡ್ಡಪ್ಪನವರನ್ನು ನೋಡಲು ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕಕ್ಕೆ ಹೋಗಿದ್ದೆ. ಬಾಗಿಲಲ್ಲಿ ಚಪ್ಪಲಿಗಳು ಸಾಲಾಗಿದ್ದವು. ದೇವಸ್ಥಾನದ ಹೊರಗಿರುವಂತೆ. ನಾನೂ ಬಿಟ್ಟೆ. ಗೋಡೆಗೆ ಹಾಕಿದ್ದ ಕೈ ಸವರುವ ದ್ರಾವಣದ ಬಾಟಲಿ ಖಾಲಿ. ಬಸ್ಸಿನ ಕಂಬಿ ಹಿಡಿದು ಬಂದ ಕೈಯಲ್ಲೇ ಒಳಗೆ ಹೊರಟವನನ್ನು ನೆಲ ಒರೆಸುತ್ತಿದ್ದ ಆಯಾ ತಡೆದರು.

"ಅಲ್ಲಿ ನಲ್ಲಿ ಐತೆ, ಕೈ ತೊಳ್ಕೊಂಡು ಹೋಗಿ ಸಾರ್."

ನಾಚಿಕೆಯಾಯಿತು. ತೊಳೆದು ಬಂದೆ. ಅಷ್ಟರಲ್ಲಿ ವೈದ್ಯರೊಬ್ಬರು ಪಕ್ಕದ ಹಾಸಿಗೆಯ ರೋಗಿಯನ್ನು ಮುಟ್ಟಿ ನೋಡಿ, ಅದೇ ಕೈಯಲ್ಲಿ ದೊಡ್ಡಪ್ಪನ ನಾಡಿ ಹಿಡಿದರು. ಆಯಾ ಅದನ್ನೂ ಕಂಡರು. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ದೊಡ್ಡಪ್ಪ ಹುಷಾರಾಗಿ ಮನೆಗೆ ಬಂದರು ಎನ್ನುವುದು ಬೇರೆ ಮಾತು. ಎಲ್ಲರ ದೊಡ್ಡಪ್ಪಂದಿರೂ ಹಾಗೆ ಬರುವುದಿಲ್ಲ.

2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ನೇರವಾಗಿ ಸತ್ತವರು ಜಗತ್ತಿನಲ್ಲಿ 12 ಲಕ್ಷ 70 ಸಾವಿರ ಎಂದು ಅಂತರರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ. ಹೊಸ ಔಷಧ ಬೇಕು, ಹೊಸ ಪರೀಕ್ಷೆಗಳು ಬೇಕು, ಪ್ರತ್ಯೇಕ ಕೋಣೆಗಳೂ ಬೇಕು. ಇವಕ್ಕೆಲ್ಲ ಹಣ ಬೇಕು. ಆದರೆ ಆ ಆಯಾ ನನಗೆ ಹೇಳಿದ ಮಾತನ್ನು ವೈದ್ಯರಿಗೂ ಹೇಳಬಹುದಾದ, ಹೇಳಿದರೆ ವೈದ್ಯರು ಸಿಟ್ಟಾಗದೆ ಕೈ ತೊಳೆದು ಬರುವ ವಾರ್ಡು ಕಟ್ಟಲು ಹಣ ಬೇಕಿಲ್ಲ. ಸೆಮ್ಮೆಲ್‌ವೈಸ್ ಕೇಳಿದ್ದೂ ಅಷ್ಟನ್ನೇ. ಬೆಥೆಸ್ಡಾದವರು ಬಾಗಿಲಲ್ಲಿ ಕಾವಲು ನಿಲ್ಲಿಸಿ ಕೊನೆಗೆ ಮಾಡಿದ್ದೂ ಅದನ್ನೇ.